ಗರ್ಭಕೋಶದಲ್ಲಿ ಪರದೆ ಇದೆಯಂತೆ, ಆಪರೇಷನ್ ಮಾಡಿಸಲೇಬೇಕಾ?

"ಮೇಡಂ, ಸ್ಕ್ಯಾನಲ್ಲಿ ಗರ್ಭಕೋಶದೊಳಗೆ ಪರದೆ ಇದೆ ಅಂದಿದ್ದಾರೆ. ಆಪರೇಷನ್ ಮಾಡಿಸಲೇಬೇಕಾ?" ನನ್ನ ಓಪಿಡಿಯಲ್ಲಿ ಇದು ಮಾಮೂಲಿ ಪ್ರಶ್ನೆ. ಕೇಳುವವರು ಅರ್ಧ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಇದೆ ಅಂದಮೇಲೆ ತೆಗೆಸಿಬಿಡೋಣ ಅಂತ. ನಾನು ಮಾತ್ರ ಸ್ಕ್ಯಾನ್ ಪಕ್ಕಕ್ಕಿಟ್ಟು ಮೊದಲು ಕೇಳುವುದು ಬೇರೆ: ಇಲ್ಲಿವರೆಗೆ ಎಷ್ಟು ಸಲ ಗರ್ಭ ನಿಂತಿತ್ತು? ಎಷ್ಟು ತಿಂಗಳಿಗೆ ಹೋಯಿತು?

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿದ್ದಾಗ ಅದರ ಗರ್ಭಕೋಶ ಎರಡು ಕೊಳವೆಗಳಾಗಿ ಶುರುವಾಗುತ್ತದೆ. ಅವೆರಡೂ ಕೂಡಿಕೊಳ್ಳುತ್ತವೆ, ಆಮೇಲೆ ನಡುವಿನ ಗೋಡೆ ಕರಗುತ್ತದೆ. ಗೋಡೆ ಕರಗದೆ ಉಳಿದರೆ ಪರದೆ, ನಾವು ಸೆಪ್ಟಮ್ ಅನ್ನುತ್ತೇವೆ. ಕೊಳವೆಗಳೇ ಪೂರ್ತಿ ಕೂಡದಿದ್ದರೆ ಮೇಲ್ಭಾಗ ಎರಡಾಗಿ ಸೀಳಿದ ಬೈಕಾರ್ನುಯೇಟ್. ತಾಯಿ ಗ್ರಹಣ ನೋಡಿದ್ದಕ್ಕೋ ಪಪ್ಪಾಯಿ ತಿಂದಿದ್ದಕ್ಕೋ ಆದದ್ದಲ್ಲ ಇದು.

ಬಣ್ಣದ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಳಗಿನ ಜಾಗ ಮಾತ್ರ ಕಾಣುತ್ತದೆ, ಹೊರಗಿನ ಆಕಾರ ಕಾಣುವುದಿಲ್ಲ ಅಲ್ವಾ? ಅದನ್ನೇ ನಂಬಿ ಪರದೆ ಅಂದುಕೊಂಡು ಬೈಕಾರ್ನುಯೇಟ್‌ಗೆ ಕತ್ತರಿ ಹಾಕಿದರೆ ಗರ್ಭಕೋಶ ತೂತಾಗಬಹುದು. ಹಾಗಾಗಿ 3ಡಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕೇ ಬೇಕು. ಅದಾದ ಮೇಲೂ ಗೋಡೆ ಎಷ್ಟು ಇಳಿದಿದ್ದರೆ ಪರದೆ ಅನ್ನಬೇಕು ಎಂಬ ಅಳತೆಯ ತಕರಾರು ಇದ್ದೇ ಇದೆ. 2013ರ ಯುರೋಪಿನ ವೈದ್ಯ ಸಂಘಗಳ ಲೆಕ್ಕಕ್ಕೂ 2016ರ ಅಮೆರಿಕದ ಸಂಘದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಒಂದೇ ಗರ್ಭಕೋಶ ಒಂದರ ಪ್ರಕಾರ ಪರದೆಯುಳ್ಳದ್ದು, ಇನ್ನೊಂದರ ಪ್ರಕಾರ ನಾರ್ಮಲ್!

ಆಪರೇಷನ್ ಸುಲಭದ್ದೇ. ಹೊಟ್ಟೆ ಕೊಯ್ಯುವುದಿಲ್ಲ. ಮುಟ್ಟು ಮುಗಿದ ಹೊಸತರಲ್ಲಿ, ಒಳಪೊರೆ ತೆಳ್ಳಗಿರುವಾಗ, ಹಿಸ್ಟರೋಸ್ಕೋಪ್ ಅನ್ನುವ ಸಣ್ಣ ಕ್ಯಾಮೆರಾ ಕೊಳವೆಯನ್ನು ಕೆಳಗಿನಿಂದಲೇ ಒಳಕ್ಕೆ ಬಿಡುತ್ತೇವೆ. ಸಲೈನ್ ಹರಿಸಿ ಜಾಗ ಅರಳಿಸಿದರೆ ನಡುವೆ ಬಿಳಿಚಿಕೊಂಡ ಗೋಡೆ ಕಾಣುತ್ತದೆ. ಸಣ್ಣ ಕತ್ತರಿಯಲ್ಲಿ ನಡುಮಧ್ಯದಿಂದ ಸ್ವಲ್ಪಸ್ವಲ್ಪವೇ ಮೇಲಕ್ಕೆ ಕತ್ತರಿಸುತ್ತಾ ಹೋಗಬೇಕು. ಎರಡೂ ಟ್ಯೂಬಿನ ಬಾಯಿ ಒಟ್ಟಿಗೆ ಕಂಡಾಗ, ರಕ್ತ ಜಿನುಗುವ ಮಾಂಸ ಸಿಕ್ಕಾಗ ಅಲ್ಲಿಗೆ ನಿಲ್ಲಿಸಬೇಕು. ಆಸೆಬಿದ್ದು ಇನ್ನಷ್ಟು ಕತ್ತರಿಸಿದರೆ ಗೋಡೆ ತೆಳ್ಳಗಾಗುತ್ತದೆ. ಅಪರೂಪಕ್ಕಾದರೂ ಮುಂದೆ ಬಸುರಿಯಾದಾಗ ಅದು ಒಡೆಯುವ ಭಯವಿದೆ.

ಇಷ್ಟು ಸುಲಭ ಇರುವುದರಿಂದಲೇ ಇದನ್ನು ಜಾಸ್ತಿ ಮಾಡುತ್ತಿದ್ದೇವೆ ಅಂತ ನನ್ನ ಅನಿಸಿಕೆ. 2021ರಲ್ಲಿ ಟ್ರಸ್ಟ್ ಅನ್ನುವ ಅಧ್ಯಯನ ಪ್ರಕಟವಾಯಿತು. ಪರದೆ ಇದ್ದ 80 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಕತ್ತರಿಸಿಕೊಂಡವರಲ್ಲಿ 31% ಮಂದಿಗೆ ಮಗುವಾಯಿತು, ಸುಮ್ನೆ ಕಾದವರಲ್ಲಿ 35%. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಅದರಿಂದ ಆಪರೇಷನ್ ದಂಡ ಅಂತಲೂ ಹೇಳಲಾಗದು. ಆದರೆ "ತೆಗೆಸಿದರೆ ಮಗು ಗ್ಯಾರಂಟಿ" ಅನ್ನುವ ಮಾತಿಗೆ ಆಧಾರವಿಲ್ಲ.

ಹಾಗಾದರೆ ಯಾರಿಗೆ ಮಾಡುತ್ತೇನೆ? ಮತ್ತೆಮತ್ತೆ ಗರ್ಭ ಹೋಗಿ, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ತೊಂದರೆ, ಕ್ರೋಮೋಸೋಮ್ ಎಲ್ಲ ನೋಡಿಯೂ ಬೇರೆ ಕಾರಣ ಸಿಗದವರ ಹತ್ತಿರ ಈ ಮಾತು ತೆಗೆಯುತ್ತೇನೆ, ಮೇಲಿನ ಲೆಕ್ಕವನ್ನೂ ಹೇಳಿ. ಯಾವುದಕ್ಕೋ ಮಾಡಿಸಿದ ಸ್ಕ್ಯಾನಲ್ಲಿ ಕಂಡಿದೆ, ಇನ್ನೂ ಮದುವೆಯಾಗಿಲ್ಲ ಅಂದರೆ ಬೇಡ. ಮಕ್ಕಳಾಗಿಲ್ಲ ಅಂತ ಬಂದವರಲ್ಲಿ ಎಷ್ಟೋ ಸಲ ಗಂಡನ ವೀರ್ಯ ಪರೀಕ್ಷೆಯೇ ಆಗಿರುವುದಿಲ್ಲ. ಮೊದಲು ಅದಾಗಲಿ.

ಬೈಕಾರ್ನುಯೇಟ್‌ಗೆ ಹೊಟ್ಟೆ ತೆರೆದು ಎರಡು ಭಾಗ ಹೊಲಿಯುವ ಸ್ಟ್ರಾಸ್‌ಮನ್ ಆಪರೇಷನ್ ಇದೆ, 1907ರಷ್ಟು ಹಳೆಯದು. ಈಗ ಅಪರೂಪ. ಎರಡು ಗರ್ಭಕೋಶ ಇದ್ದರೆ ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ.

ಒಂದೇ ಕಡೆ ಬೆಳೆದ ಗರ್ಭಕೋಶದ ಪಕ್ಕ, ಬಾಯಿ ಇಲ್ಲದ ಪುಟ್ಟ ಕೊಂಬು ಉಳಿದು ಅದರೊಳಗೂ ಮುಟ್ಟಾಗುವ ಒಳಪೊರೆ ಇದ್ದರೆ ಮಾತ್ರ ನಾನು ಕಾಯಿಸುವುದಿಲ್ಲ. ಮುಟ್ಟಿನ ರಕ್ತ ಅಲ್ಲೇ ತುಂಬಿ ವಿಪರೀತ ನೋವು. ಗರ್ಭ ಅದರಲ್ಲಿ ನಿಂತರೆ ಕೊಂಬೇ ಒಡೆದು ಜೀವಕ್ಕೆ ಕುತ್ತು. ಅದನ್ನು ಲ್ಯಾಪ್ರೊಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ) ತೆಗೆಸಿಬಿಡಿ. ಹಾಗೇ ಕಿಡ್ನಿ ಸ್ಕ್ಯಾನ್ ಕೂಡ ಮಾಡಿಸಿ. ಇಂಥವರಲ್ಲಿ ಬೆಳೆಯದ ಕಡೆಯ ಕಿಡ್ನಿಯೂ ಇಲ್ಲದಿರುವುದು ಸಾಮಾನ್ಯ.