ಮರಗೆಲಸದ ಮೊದಲ ಪಾಠ: ಒಂದು ತುಂಡು, ಆರು ಮುಖ

ಮರಗೆಲಸವನ್ನು ವೃತ್ತಿಯಾಗಿ ಆರಿಸಿಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಕುರ್ಚಿ ಮೇಜು ಮಾಡುವಷ್ಟು ಕಲಿಯಲು ಎಷ್ಟು ತಿಂಗಳು ಬೇಕು ಎಂಬುದು. ಅದಕ್ಕೆ ನಾನು ನೇರ ಉತ್ತರ ಕೊಡದೆ, ನೀವು ಸೇರಬೇಕೆಂದಿರುವ ತರಬೇತಿಯಲ್ಲಿ ಮೊದಲ ತಿಂಗಳು ಏನು ಮಾಡಿಸುತ್ತಾರೆಂದು ವಿಚಾರಿಸಿಕೊಂಡು ಬನ್ನಿ ಎನ್ನುತ್ತೇನೆ. ಒರಟು ಮರದ ಒಂದು ತುಂಡನ್ನು ಕೈ ಉಪಕರಣಗಳಿಂದಲೇ ಹೆರೆದು, ಅದರ ಆರೂ ಮುಖಗಳನ್ನು ಸಮತಟ್ಟಾಗಿಸಿ ಮೂಲೆಮಟ್ಟಕ್ಕೆ, ಅಂದರೆ ಒಂದಕ್ಕೊಂದು ಸರಿಯಾದ ಲಂಬಕೋನಕ್ಕೆ, ತರುವ ಕೆಲಸವನ್ನು ಅಲ್ಲಿ ಮಾಡಿಸುವುದಾದರೆ, ಯಂತ್ರಗಳು ಕಡಿಮೆಯಿದ್ದರೂ ಧೈರ್ಯವಾಗಿ ಸೇರಬಹುದು.

ನಾನು ಮೊದಲು ಸೇರಿದ್ದ ತರಬೇತಿಯಲ್ಲಿ ಎರಡನೆಯ ವಾರವೇ ನಮ್ಮನ್ನು ವಿದ್ಯುತ್ ಗರಗಸದ ಮುಂದೆ ನಿಲ್ಲಿಸಿದರು. ಮೂರು ತಿಂಗಳಾಗುವಷ್ಟರಲ್ಲಿ ನನ್ನ ಹೆಸರಿನಲ್ಲಿ ಒಂದು ಪುಸ್ತಕದ ಕಪಾಟು ತಯಾರಾಗಿತ್ತು. ಅದರ ಬಣ್ಣ ಹೊಳೆಯುತ್ತಿತ್ತು, ಆದರೆ ಬೆರಳಿನಿಂದ ತಳ್ಳಿದರೆ ಇಡೀ ಕಪಾಟು ಓಲಾಡುತ್ತಿತ್ತು. ಏಕೆ ಎಂದು ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ. ಆಮೇಲೆ ಹಿರಿಯ ಮೇಸ್ತ್ರಿಯೊಬ್ಬರ ಕೈಕೆಳಗೆ ಸಹಾಯಕನಾಗಿ ಸೇರಿದಾಗ, ಅವರು ನನಗೆ ಕೊಟ್ಟದ್ದು ಮರ ಹೆರೆಯುವ ಒಂದು ಹತ್ತರಿ, ಲಂಬಕೋನ ನೋಡುವ ಒಂದು ಮೂಲೆಮಟ್ಟ ಮತ್ತು ತಿರುಚಿಕೊಂಡಿದ್ದ ಮೊಳದುದ್ದದ ಒಂದು ತುಂಡು.

ಈ ಕೆಲಸದಲ್ಲಿ ಮೊದಲು ಒಂದು ಅಗಲ ಮುಖವನ್ನು ಸಮ ಮಾಡಬೇಕು. ತುಂಡಿನ ಎರಡು ತುದಿಗಳಲ್ಲಿ ನೇರವಾದ ಎರಡು ಪಟ್ಟಿಗಳನ್ನು ಅಡ್ಡಲಾಗಿಟ್ಟು, ಬಗ್ಗಿ ಒಂದು ಕಣ್ಣಿನಿಂದ ನೋಡಿದಾಗ, ಮುಂದಿನ ಪಟ್ಟಿಯ ಮೇಲಂಚಿಗೆ ಹಿಂದಿನದರ ಮೇಲಂಚು ಉದ್ದಕ್ಕೂ ಸಮನಾಗಿ ಕಾಣಬೇಕು. ಒಂದು ಕಡೆ ಎದ್ದು ಕಂಡರೆ ತುಂಡು ತಿರುಚಿದೆ ಎಂದೇ ಅರ್ಥ. ಹತ್ತರಿಯನ್ನು ತಳ್ಳಲು ಶುರು ಮಾಡುವಾಗ ಭಾರ ಮುಂದಿನ ಕೈ ಮೇಲಿರಬೇಕು, ತುದಿ ತಲುಪುವಾಗ ಹಿಂದಿನ ಕೈಗೆ ಬರಬೇಕು. ಇದು ತಿಳಿಯದವನು ಎರಡು ತುದಿಗಳನ್ನೂ ಹೆಚ್ಚಾಗಿ ಹೆರೆದು ನಡುವೆ ಉಬ್ಬು ಉಳಿಸುತ್ತಾನೆ, ನಾನೂ ಅದನ್ನೇ ಮಾಡಿದೆ. ಮರದ ನಾರು ಓಡುವ ಎಳೆಯ ದಿಕ್ಕು ತಪ್ಪಿದರೆ ಮರ ಸುರುಳಿಯಾಗಿ ಬರದೆ ಚಕ್ಕೆಚಕ್ಕೆಯಾಗಿ ಕಿತ್ತು ಬರುತ್ತದೆ. ಆಗ ಬಲ ಹೆಚ್ಚಿಸಬಾರದು, ತುಂಡನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಹೆರೆಯಬೇಕು.

ಸಮವಾದ ಮುಖಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಅದಕ್ಕೆ ಹೊಂದಿಕೊಂಡ ಒಂದು ಅಂಚನ್ನು ಮೂಲೆಮಟ್ಟಕ್ಕೆ ತಂದರೆ, ಮುಂದಿನ ಎಲ್ಲ ಅಳತೆಗಳೂ ಈ ಎರಡರಿಂದಲೇ ಹೊರಡುತ್ತವೆ. ಅಗಲ ಮತ್ತು ದಪ್ಪಕ್ಕೆ, ಅಂಚಿನಿಂದ ಒಂದೇ ಅಂತರದಲ್ಲಿ ಗೀರು ಹಾಕುವ ಮಾರ್ಕಿಂಗ್ ಗೇಜ್‌ನಿಂದ ಗೀರೆಳೆದು ಅಲ್ಲಿಯವರೆಗೆ ಹೆರೆದ ಮೇಲೆ, ಕೊನೆಗೆ ಎರಡು ತುದಿಗಳನ್ನು ಕತ್ತರಿಸುವುದು. ಹೇಳಲು ಇಷ್ಟೇ. 50 ಮಿಲಿಮೀಟರ್ ದಪ್ಪವಿದ್ದ ನನ್ನ ಮೊದಲ ತುಂಡು ಆರೂ ಮುಖ ಸರಿಯಾಗುವ ಹೊತ್ತಿಗೆ 31ಕ್ಕೆ ಇಳಿದಿತ್ತು. ಮೇಸ್ತ್ರಿ ಏನೂ ಅನ್ನದೆ ಇನ್ನೊಂದು ತುಂಡು ತೆಗೆದುಕೊಟ್ಟರು.

ಮೂಲೆಮಟ್ಟವನ್ನೇ ನಂಬಬಾರದು ಎಂಬುದೂ ಆಗಲೇ ಕಲಿತ ವಿಷಯ. ನೇರ ಅಂಚಿರುವ ಹಲಗೆಯ ಮೇಲೆ ಅದನ್ನಿಟ್ಟು ಒಂದು ಗೆರೆ ಎಳೆದು, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆದರೆ ಎರಡೂ ಒಂದರ ಮೇಲೊಂದು ಕೂರಬೇಕು. ಗೆರೆಗಳು ಬೇರೆಯಾದರೆ, ಕಾಣುವ ಅಂತರದ ಅರ್ಧದಷ್ಟು ಮೂಲೆಮಟ್ಟದ ದೋಷ. ದೊಡ್ಡ ಚೌಕಟ್ಟಿಗಾದರೆ ಒಂದು ಬದಿಯಲ್ಲಿ 600, ಇನ್ನೊಂದು ಬದಿಯಲ್ಲಿ 800 ಮಿಲಿಮೀಟರ್ ಗುರುತಿಸಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 1000 ಬರುತ್ತದೆಯೇ ಎಂದು ನೋಡುತ್ತೇವೆ. ಓಲಾಡುತ್ತಿದ್ದ ನನ್ನ ಕಪಾಟಿನ, ಸಮನಾಗಿರಬೇಕಿದ್ದ ಎರಡು ಕರ್ಣಗಳನ್ನು ಎಷ್ಟೋ ದಿನಗಳ ನಂತರ ಅಳೆದಾಗ ಒಂದಕ್ಕೂ ಇನ್ನೊಂದಕ್ಕೂ 14 ಮಿಲಿಮೀಟರ್ ವ್ಯತ್ಯಾಸವಿತ್ತು.

ಸಾಣೆ ಹಿಡಿಯುವುದನ್ನು ತರಬೇತಿಯ ಒಂದು ಪಾಠವೆಂದು ಎಣಿಸದೆ ದಿನಚರಿಯೆಂದೇ ಎಣಿಸಬೇಕು. ಉಳಿಯ ಇಳಿಜಾರನ್ನು ಸುಮಾರು 25 ಡಿಗ್ರಿಗೆ ತೇಯ್ದು, ಬಾಯಿಯ ತುದಿಯನ್ನು ಮಾತ್ರ 30 ಡಿಗ್ರಿಗೆ ಏರಿಸುವುದು ಸಾಮಾನ್ಯ ರೂಢಿ. ಹೊಸಬರು ಇಳಿಜಾರನ್ನಷ್ಟೇ ತೇಯ್ದು, ಅದರ ಹಿಂಬದಿಯ ಚಪ್ಪಟೆ ಮುಖವಾದ ಬೆನ್ನನ್ನು ಮರೆಯುತ್ತಾರೆ. ಆದರೆ ಹರಿತವಾದ ಬಾಯಿ ಎಂದರೆ ಎರಡು ಮುಖಗಳು ಕೂಡುವ ಗೆರೆಯಾದ್ದರಿಂದ, ಬೆನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರದಿದ್ದರೆ ಎಷ್ಟು ತೇಯ್ದರೂ ಉಳಿ ಹದಕ್ಕೆ ಬರುವುದಿಲ್ಲ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹೆಚ್ಚಾದಾಗ ಅದು ಜಾರುತ್ತದೆ, ಜಾರಿದ ಉಳಿ ಹೋಗಿ ನಿಲ್ಲುವುದು ಮರ ಹಿಡಿದ ಎಡಗೈಯಲ್ಲಿ. ಎರಡೂ ಕೈಗಳು ಉಳಿಯ ಬಾಯಿಯ ಹಿಂದೆಯೇ ಇರಬೇಕು, ತುಂಡನ್ನು ಕ್ಲ್ಯಾಂಪ್ ಹಿಡಿಯಲಿ.

ಲೆಕ್ಕ ಬಾರದವರಿಗೆ ಮರಗೆಲಸ ಎಂಬ ಮಾತು ಎಲ್ಲಿಂದ ಬಂತೋ ತಿಳಿಯದು. 2400 ಮಿಲಿಮೀಟರ್ ಉದ್ದದ ಹಲಗೆಯಿಂದ 300ರ ಎಂಟು ತುಂಡುಗಳು ಸಿಗುತ್ತವೆಂದು ನಂಬಿ, ಎಲ್ಲವನ್ನೂ ಸಾಲಾಗಿ ಕತ್ತರಿಸಿದವನು ನಾನು. ಗರಗಸದ ಹಲ್ಲು ಪ್ರತಿ ಸಲವೂ 3 ಮಿಲಿಮೀಟರ್ ತಿಂದು, ಏಳು ಕತ್ತರಿಕೆಗಳಿಗೆ 21 ಹೋಗಿ, ಕೊನೆಯ ತುಂಡು 279ಕ್ಕೆ ನಿಂತಿತು. ನಕ್ಷೆ ಓದುವುದು, ಕತ್ತರಿಸಬೇಕಾದ ತುಂಡುಗಳ ಪಟ್ಟಿ ಬರೆಯುವುದು, ಒಂದು ಮರದ ಪಟ್ಟಿಯ ತುದಿಯಲ್ಲಿ ತೆಗೆಯುವ ನಾಲಿಗೆಯ ದಪ್ಪವನ್ನು ಪಟ್ಟಿಯ ದಪ್ಪದ ಸುಮಾರು ಮೂರನೇ ಒಂದರಷ್ಟಿಟ್ಟು ಅದಕ್ಕೆ ತಕ್ಕ ತೂತನ್ನು ಗುರುತಿಸುವುದು, ಇವೆಲ್ಲವೂ ಪೆನ್ಸಿಲ್ ಹಿಡಿದು ಮಾಡುವ ಕೆಲಸಗಳೇ.

ಮರದ ಸ್ವಭಾವದ ಬಗ್ಗೆ ಆರಂಭದ ತರಬೇತಿಯಲ್ಲಿ ಬಹಳ ಕಡಿಮೆ ಹೇಳುತ್ತಾರೆ ಎಂಬುದು ನನ್ನ ದೂರು. ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಗಣನೆಗೆ ಬಾರದಷ್ಟಿದ್ದರೆ, ಅಡ್ಡಕ್ಕೆ ಸಾಕಷ್ಟಿರುತ್ತದೆ, ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವುದು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. 300 ಮಿಲಿಮೀಟರ್ ಅಗಲದ ಹಲಗೆ ಒಣ ಕಾಲಕ್ಕೂ ತೇವದ ಕಾಲಕ್ಕೂ ನಡುವೆ 3 ಮಿಲಿಮೀಟರ್ ಬದಲಾದರೆ ಆಶ್ಚರ್ಯವಿಲ್ಲ. ಬಾಗಿಲಿನ ನಡುಹಲಗೆಗೆ ಅಂಟು ಹಾಕದೆ ಚೌಕಟ್ಟಿನ ಒಳಅಂಚಿನಲ್ಲಿ ತೋಡಿದ ಗಾಡಿಯಲ್ಲಿ ಸಡಿಲವಾಗಿ ಕೂರಿಸುವುದು ಇದೇ ಕಾರಣಕ್ಕೆ. ಇದನ್ನು ತಿಳಿಯದೆ ನಾಲ್ಕೂ ಕಡೆ ಅಂಟು ಬಳಿದ ಬಾಗಿಲು ಸೀಳುವುದನ್ನು ನೋಡಿದ ಮೇಲೆ ನಾನು ಅಂಟಿನ ಡಬ್ಬಿ ಎತ್ತಿಕೊಳ್ಳುವ ಮುಂಚೆ ಎಳೆ ಯಾವ ಕಡೆಗಿದೆ ಎಂದು ನೋಡುತ್ತೇನೆ.

ಯಂತ್ರಗಳು ಬೇಡವೆಂದು ನಾನು ಹೇಳುತ್ತಿಲ್ಲ. ಇಂದು ಕೂಲಿ ಹುಟ್ಟುವುದೇ ಅವುಗಳಿಂದ. ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಬಾರದು, ಏಕೆಂದರೆ ಬಟ್ಟೆ ಸಿಕ್ಕಿದರೆ ಅದು ಕೈಯನ್ನೂ ಎಳೆದುಕೊಳ್ಳುತ್ತದೆ. ಟೇಬಲ್ ಗರಗಸದಲ್ಲಿ ಸೀಳುವಾಗ ಹಲಗೆ ಹಿಂದಕ್ಕೆ ಚಿಮ್ಮುವ ಸಾಧ್ಯತೆ ಇರುವುದರಿಂದ ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮುಖಗವಸು ಕೊಡದ ತರಬೇತಿಗೆ ಹೋಗುವುದಾದರೆ ನಿಮ್ಮದನ್ನು ನೀವೇ ಒಯ್ಯಿರಿ.

ಪ್ರಮಾಣಪತ್ರ ಅರ್ಜಿ ಹಾಕುವುದಕ್ಕೆ ಬೇಕು, ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಈಗ ನನ್ನ ಬಳಿ ಸಹಾಯಕರಾಗಿ ಸೇರಲು ಬರುವ ಹುಡುಗರ ಪ್ರಮಾಣಪತ್ರವನ್ನು ನೋಡಿ ಮಡಚಿ ಹಿಂತಿರುಗಿಸಿ, ಒಂದು ಮೊಂಡು ಉಳಿಯನ್ನೂ ಸಾಣೆಕಲ್ಲನ್ನೂ ಅವರ ಮುಂದಿಟ್ಟು, ನಾನು ಬೇರೆ ಕೆಲಸದಲ್ಲಿರುವವನಂತೆ ಪಕ್ಕದಲ್ಲೇ ನಿಲ್ಲುತ್ತೇನೆ. ಉಳಿಯನ್ನು ಮಗುಚಿ ಮೊದಲು ಬೆನ್ನನ್ನು ನೋಡಿದವನಿಗೆ ಮರುದಿನದಿಂದಲೇ ಬರಲು ಹೇಳುತ್ತೇನೆ.