ಲಾಟರಿಯಲ್ಲಿ ಹೋದ ಮನೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಉತ್ತರಕ್ಕೆ ಒಂದೂವರೆ ಗಂಟೆಯ ದಾರಿ, ಚಾಟ್ಸ್‌ವರ್ತ್ ಎಂಬ ಪುಟ್ಟ ಊರು. ಊರ ಹೊರಗೆ ದಿಣ್ಣೆಯ ಮೇಲೆ ಕೆಂಪು ಇಟ್ಟಿಗೆಯ ಮಹಡಿ ಮನೆಯೊಂದಿದೆ. ಮೊನ್ನೆ ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಕಟ್ಟಿದ್ದು 1804ರಲ್ಲಿ. ಕಟ್ಟಿಸಿದವನು ಜೇಮ್ಸ್ ವ್ಯಾನ್. ಅಪ್ಪ ಸ್ಕಾಟಿಷ್ ಮೂಲದ ವ್ಯಾಪಾರಿ, ಅಮ್ಮ ಚೆರೋಕಿ, ಅಂದರೆ ಅಮೆರಿಕದ ಒಂದು ಮೂಲನಿವಾಸಿ ಜನಾಂಗದವಳು. ಚೆರೋಕಿಗಳಲ್ಲಿ ಕುಲ ಬರುವುದು ತಾಯಿಯಿಂದ. ನಮ್ಮ ಕರಾವಳಿಯ ಅಳಿಯಕಟ್ಟು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಾಗಾಗಿ ವ್ಯಾನ್ ಚೆರೋಕಿಯೇ.

ಒಳಗೆ ಕಾಲಿಟ್ಟರೆ ಬಣ್ಣವೇ ಬಣ್ಣ. ಆಕಾಶದ ನೀಲಿ, ಹುಲ್ಲಿನ ಹಸಿರು, ಮಾಗಿದ ಬೆಳೆಯ ಹಳದಿ, ಮಣ್ಣಿನ ಕೆಂಪು. ನಡುವೆ ಮರದ ಮೆಟ್ಟಿಲು. ಕೆಳಗೆ ಒಂದು ಕಂಬದ ಆಸರೆಯೂ ಇಲ್ಲ. ಗೋಡೆಯನ್ನೇ ನೆಚ್ಚಿಕೊಂಡು ನಿಂತಿದೆ. ಮಗಳು ಬಗ್ಗಿ ಬಗ್ಗಿ ಅಡಿಯಲ್ಲಿ ಹುಡುಕಿದಳು.

1809ರಲ್ಲಿ ಜೇಮ್ಸ್ ಕೊಲೆಯಾದ. ಮನೆ ಮಗ ಜೋಸೆಫ್‌ನ ಪಾಲಾಯಿತು. ಆಮೇಲೆ ಜಾರ್ಜಿಯಾದಲ್ಲಿ ಚಿನ್ನ ಸಿಕ್ಕಿತು. 1832ರಲ್ಲಿ ಸರ್ಕಾರ ಚೆರೋಕಿಗಳ ನೆಲವನ್ನು ತುಂಡು ಮಾಡಿ ಲಾಟರಿಗೆ ಇಟ್ಟಿತು. ಹೌದು, ಲಾಟರಿ! ಜನ ಉಳುತ್ತಿದ್ದ ಹೊಲ, ಅಡುಗೆ ಮಾಡುತ್ತಿದ್ದ ಮನೆ, ಎಲ್ಲವೂ ಚೀಟಿಯಲ್ಲಿ ಬಿಳಿಯರಿಗೆ ಹೋದವು.

ಜೋಸೆಫ್ ಹೊಲ ನೋಡಿಕೊಳ್ಳಲು ಒಬ್ಬ ಬಿಳಿಯನನ್ನು ಗೊತ್ತುಮಾಡಿದ್ದ. ಪರವಾನಗಿ ಇಲ್ಲದೆ ಹಾಗೆ ಮಾಡುವಂತಿಲ್ಲ ಎಂಬ ಕಾನೂನು ಆಗಲೇ ಬಂದಿತ್ತು. ಮನೆ ಕಿತ್ತುಕೊಳ್ಳಲು ಅದೇ ನೆಪ ಸಾಕಾಯಿತು. 1835ರಲ್ಲಿ ಮನೆ ತಮಗೆ ಸೇರಬೇಕೆಂದು ಬಿಳಿಯರ ಎರಡು ಗುಂಪುಗಳು ಒಳಗೇ ಗುಂಡು ಹಾರಿಸಿಕೊಂಡವು. ಮಹಡಿಯಲ್ಲಿ ಅಡಗಿದ್ದ ಎದುರು ಗುಂಪಿನವನನ್ನು ಹೊರಗೆ ತರಲು ಉರಿಯುವ ಕೊರಡನ್ನು ಆ ಮೆಟ್ಟಿಲ ಮೇಲೆ ಎಸೆದರು. ಜೋಸೆಫ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚಳಿಯಲ್ಲಿ ಹೊರಟ. ಮೂರು ವರ್ಷದ ನಂತರ ಇಡೀ ಜನಾಂಗವನ್ನೇ ಪಶ್ಚಿಮಕ್ಕೆ ಅಟ್ಟಿದರು. ಆ ದಾರಿಯಲ್ಲಿ ಸಾವಿರಾರು ಜನ ಸತ್ತರು.

ಮೆಟ್ಟಿಲ ಬಳಿ ನಿಂತು ಇದನ್ನು ಕೇಳುವಾಗ ಗಂಟಲು ಕಟ್ಟಿತು. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಸಿರಿವಂತಿಕೆ ನಿಂತಿದ್ದು ಗುಲಾಮರ ಬೆವರಿನ ಮೇಲೆ. ಜೋಸೆಫ್ ಬಳಿ ನೂರಕ್ಕೂ ಜಾಸ್ತಿ ಕರಿಯ ಗುಲಾಮರಿದ್ದರು. ಪಶ್ಚಿಮಕ್ಕೆ, ಈಗಿನ ಒಕ್ಲಹೋಮಾ ರಾಜ್ಯಕ್ಕೆ ಹೋದ ಮೇಲೂ ಅವನು ಗುಲಾಮರನ್ನು ಬಿಡಲಿಲ್ಲ. ಅಲ್ಲಿ ಇದೇ ನಮೂನೆಯ ಇನ್ನೊಂದು ಮನೆ ಕಟ್ಟಿಸಿದ. 1842ರಲ್ಲಿ ಅವನ ಗುಲಾಮರಲ್ಲಿ ಕೆಲವರು ಕುದುರೆ, ಬಂದೂಕು ತೆಗೆದುಕೊಂಡು ಮೆಕ್ಸಿಕೋ ಕಡೆ ಓಡಿದರು. ಹೆಚ್ಚಿನವರನ್ನು ಹಿಡಿದು ವಾಪಸ್ ತಂದರು.