ಹುಡುಗರ ಕೈಯಾಗಿನ ಫೋನು: ಮೊದಲು ರಾತ್ರಿ ಸರಿ ಮಾಡಿ

ವಿಜಯಪುರ ಇರಲಿ, ಬಾಗಲಕೋಟೆ ಇರಲಿ, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ದಿನಾ ಒಂದೇ ಜಗಳ. "ಫೋನ್ ಇಡೋ" ಅಂತ ಅವ್ವ, "ಐದ ಮಿನಿಟ್ ತಡಿ ಬೇ" ಅಂತ ಮಗ. ಜಗಳ ಜೋರಾದರೆ ಅಪ್ಪ ಫೋನ್ ಕಸಿದು ತಿಜೋರಿಯೊಳಗಿಟ್ಟು ಕೀಲಿ ಹಾಕುತ್ತಾನೆ. ಆದರೆ ಕಾಲೇಜಿನ ನೋಟ್ಸ್, ಪರೀಕ್ಷೆಯ ಸೂಚನೆ ಎಲ್ಲ ವಾಟ್ಸಾಪ್ ಗ್ರೂಪಿಗೇ ಬರುವುದರಿಂದ ಎರಡು ದಿನಕ್ಕೆ ಅದು ಮತ್ತೆ ಹುಡುಗನ ಕೈ ಸೇರುತ್ತದೆ. ಆ ಎರಡು ದಿನದ ಸಿಟ್ಟು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಕಸಿಯುವ ದಾರಿ ಬಿಡಿ. ಇಪ್ಪತ್ನಾಲ್ಕು ತಾಸನ್ನೂ ಒಮ್ಮೆಲೇ ಸರಿಪಡಿಸಲು ಹೋಗದೆ, ಮೊದಲು ರಾತ್ರಿಯನ್ನಷ್ಟೇ ಹಿಡಿಯಿರಿ.

ರಾತ್ರಿಯೇ ಯಾಕೆ? 13ರಿಂದ 18 ವಯಸ್ಸಿನವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಹಗಲು ಕಾಲೇಜು, ಟ್ಯೂಷನ್, ಹೊಲದ ಕೆಲಸ ಅಂತ ಏನಾದರೊಂದು ತಡೆ ಇರುತ್ತದೆ. ಹಾಸಿಗೆಯಲ್ಲಿ ಯಾವ ತಡೆಯೂ ಇಲ್ಲ. ಒಂದು ರೀಲ್ಸ್ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಬರುತ್ತದೆ, ಸಾಕು ಅನ್ನುವ ಜಾಗವೇ ಸಿಗದಂತೆ ಅದನ್ನು ಕಟ್ಟಿದ್ದಾರೆ. ನಿದ್ದೆಗೆಟ್ಟ ಹುಡುಗನಿಗೆ ಮರುದಿನ ಪಾಠ ತಲೆಗೆ ಹತ್ತುವುದಿಲ್ಲ. ಬೇಸರವಾಗಿ ಮತ್ತೆ ಫೋನೇ ಹಿಡಿಯುತ್ತಾನೆ.

ಶುರು ಮಾಡುವ ಮೊದಲು ಮೂರು ದಿನ ಏನೂ ಬದಲಿಸಬೇಡಿ, ಸುಮ್ಮನೆ ಲೆಕ್ಕ ನೋಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ತೆರೆದರೆ ಯಾವ ಆ್ಯಪ್ ಎಷ್ಟು ಹೊತ್ತು ನಡೆದಿದೆ, ಫೋನ್ ಎಷ್ಟು ಸಲ ಅನ್‌ಲಾಕ್ ಆಗಿದೆ, ಎಷ್ಟು ನೋಟಿಫಿಕೇಶನ್ ಬಂದಿವೆ ಎಲ್ಲ ಕಾಣುತ್ತದೆ. ಇದನ್ನು ಹುಡುಗನೇ ನೋಡಿ ಹಾಳೆಯ ಮೇಲೆ ಬರೆಯಲಿ. ಅಪ್ಪ-ಅವ್ವನ ಫೋನಿನ ಲೆಕ್ಕವೂ ಅದೇ ಹಾಳೆಗೆ ಬರಲಿ, ಇಲ್ಲದಿದ್ದರೆ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಆ್ಯಪ್ ಟೈಮರ್ ಇಡುವುದು ಎಲ್ಲರಿಗೂ ಗೊತ್ತು. ಅದು ಯಾಕೆ ಸೋಲುತ್ತದೆ ಎಂಬುದು ಗೊತ್ತಿಲ್ಲ. ಇನ್‌ಸ್ಟಾಗ್ರಾಮಿಗೆ ಒಂದು ತಾಸು ಇಟ್ಟರೆ, ಮುಗಿದ ಕೂಡಲೇ ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ, ಆ್ಯಪ್ ತೆರೆಯುವುದಿಲ್ಲ. ಆದರೆ ಈ ಲೆಕ್ಕ ನಡುರಾತ್ರಿ 12ಕ್ಕೆ ಹೊಸದಾಗಿ ಶುರುವಾಗುತ್ತದೆ. ಅಂದರೆ ಹುಡುಗ 12ರ ತನಕ ಎಚ್ಚರ ಇದ್ದರೆ ಸಾಕು, ಮತ್ತೊಂದು ತಾಸು ಸಿಕ್ಕಿತು! ಮೇಲಾಗಿ ಈ ಟೈಮರಿಗೆ ಪಾಸ್‌ವರ್ಡ್ ಇಲ್ಲ, ಅದೇ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಬಿಡಬಹುದು. ಕ್ರೋಮಿನಲ್ಲಿ ಲಾಗಿನ್ ಆದರೂ ಆ್ಯಪಿನ ಟೈಮರ್ ಹಿಡಿಯುವುದಿಲ್ಲ. ಟೈಮರ್ ನೆನಪು ಮಾಡಿಕೊಡುತ್ತದೆ ಅಷ್ಟೇ, ಕಾವಲು ಕಾಯುವುದಿಲ್ಲ. ದಿನಕ್ಕೆ ಐದು ತಾಸು ನೋಡುವವನಿಗೆ ಏಕದಂ ಅರ್ಧ ತಾಸಿನ ಮಿತಿ ಹಾಕಿದರೆ ಮೊದಲ ದಿನವೇ ಮುರಿಯುತ್ತದೆ. ವಾರಕ್ಕೆ ಅರ್ಧ ತಾಸಿನಂತೆ ಇಳಿಸುತ್ತ ಬನ್ನಿ.

ಅದರ ಜೊತೆಗೆ 'ಬೆಡ್‌ಟೈಮ್ ಮೋಡ್' ಅನ್ನು ರಾತ್ರಿ 10ರಿಂದ ಮುಂಜಾನೆ 6ಕ್ಕೆ ಹೊಂದಿಸಿ, ಅದರೊಳಗಿನ 'ಗ್ರೇಸ್ಕೇಲ್' ಚಾಲೂ ಮಾಡಿ. ಪರದೆ ಕಪ್ಪು-ಬಿಳುಪಾಗುತ್ತದೆ, ರೀಲ್ಸ್ ನೋಡುವ ಹುರುಪು ಕುಗ್ಗುತ್ತದೆ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ ಬಂದ್ ಮಾಡಿದರೆ ಮುಖಪುಟ ಖಾಲಿಯಾಗುತ್ತದೆ. ಪಾಠದ ವಿಡಿಯೊ ಬೇಕಾದರೆ ಹುಡುಕಿ ನೋಡಬಹುದು, ಬೇಡದ್ದು ಎದುರಿಗೆ ಬಂದು ನಿಲ್ಲುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ 18ರೊಳಗಿನವರಿಗೆ ಇರುವ ಟೀನ್ ಅಕೌಂಟಿನಲ್ಲಿ ರಾತ್ರಿ 10ರಿಂದ ಬೆಳಗಿನ 7ರವರೆಗೆ ನೋಟಿಫಿಕೇಶನ್ ತಡೆಯುವ ಸ್ಲೀಪ್ ಮೋಡ್ ಇರುತ್ತದೆ. ಹುಟ್ಟಿದ ವರ್ಷ ಸುಳ್ಳು ಕೊಟ್ಟು ದೊಡ್ಡವರ ಖಾತೆ ತೆರೆದಿದ್ದರೆ ಅದೂ ಇಲ್ಲ, ಅದನ್ನು ಒಮ್ಮೆ ನೋಡಿಕೊಳ್ಳಿ.

ಇವೆಲ್ಲಕ್ಕಿಂತ ಗಟ್ಟಿ ಉಪಾಯಕ್ಕೆ ಸೆಟ್ಟಿಂಗ್ಸ್ ಬೇಕಾಗಿಲ್ಲ. ಮನೆಯ ಎಲ್ಲರ ಫೋನೂ ರಾತ್ರಿ 10ಕ್ಕೆ ಪಡಸಾಲೆಯ ಒಂದೇ ಪ್ಲಗ್ಗಿನ ಹತ್ತಿರ ಚಾರ್ಜಿಗೆ ಬೀಳಬೇಕು. "ಅಲಾರಾಂಗೆ ಬೇಕು" ಎಂಬ ಮಾತು ಬಂದೇ ಬರುತ್ತದೆ. ಒಂದು ಟೇಬಲ್ ಗಡಿಯಾರ ತನ್ನಿ, ಪೆನ್ಸಿಲ್ ಸೆಲ್ ಹಾಕಿ ಹಾಸಿಗೆಯ ಪಕ್ಕ ಇಡಿ. ಮನೆಯಲ್ಲಿ ಸಿಮ್ ಇಲ್ಲದೆ ಬಿದ್ದಿರುವ ಹಳೇ ಫೋನೂ ಅಲ್ಲಿಗೇ ಬರಲಿ. ಹಾಟ್‌ಸ್ಪಾಟ್ ಸಿಕ್ಕರೆ ಅದರಲ್ಲೂ ಎಲ್ಲ ನಡೆಯುತ್ತದೆ, ಬಹಳ ಮನೆಗಳಲ್ಲಿ ನಿಯಮ ಸೋರುವುದು ಅಲ್ಲೇ. ನೋಟ್ಸಿನ ಪಿಡಿಎಫ್‌ಗಳನ್ನು ಸಂಜೆಯೇ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ರಾತ್ರಿ ಓದಿಗೂ ಫೋನ್ ಬೇಡ. ಮೊದಲ ವಾರ ಚಡಪಡಿಕೆ, ಸಿಡುಕು ಇದ್ದದ್ದೇ. ಆಗ ಬೈದರೆ ಕೆಲಸ ಕೆಡುತ್ತದೆ.

ಸಂಜೆಯ ಹೊತ್ತನ್ನು ತುಂಬಲೂ ಏನಾದರೂ ಬೇಕು. ನಮ್ಮ ಕಡೆ ಅದಕ್ಕೆ ಕೊರತೆಯಿಲ್ಲ: ಗರಡಿಮನೆ ಇವೆ, ಖೋಖೋ ಇದೆ, ವಿಜಯಪುರ-ಬಾಗಲಕೋಟೆಯ ಸೈಕ್ಲಿಂಗ್ ಹೆಸರು ದೇಶಕ್ಕೇ ಗೊತ್ತು. ಮುಂಜಾನೆ ಬೇಗ ಎದ್ದು ಸೈಕಲ್ ತುಳಿಯಬೇಕಾದವನು ರಾತ್ರಿ 10ಕ್ಕೆ ತಾನಾಗಿ ಮಲಗುತ್ತಾನೆ. ಆದರೆ ಗೆಳೆಯರೆಲ್ಲ ಆನ್‌ಲೈನ್ ಇದ್ದಾಗ ಒಬ್ಬನೇ ಹೊರಗುಳಿಯುವುದು ಆ ವಯಸ್ಸಿನಲ್ಲಿ ಬಹಳ ಕಷ್ಟ. ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ 2022ರಲ್ಲಿ ಇದನ್ನೇ ಮನಗಂಡಿತು. ಸಂಜೆ 7ಕ್ಕೆ ಗುಡಿಯಿಂದ ಸೈರನ್ ಆದರೆ ಇಡೀ ಊರಿನ ಟಿವಿ, ಫೋನ್ ಬಂದ್, 8.30ರವರೆಗೆ. ಎಲ್ಲರೂ ಒಟ್ಟಿಗೆ ಇಟ್ಟಾಗ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಇಡೀ ಊರು ಆಗದಿದ್ದರೂ ಒಂದೇ ಓಣಿಯ, ಒಂದೇ ಕ್ಲಾಸಿನ ನಾಲ್ಕೈದು ಮನೆಗಳು ಮಾತಾಡಿಕೊಂಡು ಒಂದೇ ಹೊತ್ತು ಗೊತ್ತು ಮಾಡಬಹುದು.

ಇಷ್ಟೆಲ್ಲ ಮಾಡಿದರೂ ಹಿಡಿತಕ್ಕೆ ಬಾರದೆ, ಊಟ, ನಿದ್ದೆ, ಪರೀಕ್ಷೆ ಎಲ್ಲಕ್ಕಿಂತ ಫೋನೇ ಮುಂದಾಗಿ, ನಷ್ಟ ಕಣ್ಣೆದುರಿಗಿದ್ದರೂ ಬಿಡಲಾಗದಿದ್ದರೆ ಅದನ್ನು ಹಟ ಎನ್ನಬೇಡಿ. ಗೇಮಿಂಗಿನಲ್ಲಿ ಈ ಲಕ್ಷಣಗಳು ಸುಮಾರು 12 ತಿಂಗಳು ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದೇ ಪರಿಗಣಿಸಿದೆ, ತೀವ್ರವಾಗಿದ್ದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ, ನಮಗೆ ಹತ್ತಿರ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್. ಅಲ್ಲಿಗೆ ಹೋಗುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವಾಗ ಆ ಮೂರು ದಿನದ ಲೆಕ್ಕ ಮತ್ತು ನಿದ್ದೆಯ ಹೊತ್ತು ಬರೆದ ಹಾಳೆ ಕೈಯಲ್ಲಿರಲಿ, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.